ನಾಲ್ಕನೆಯ ಆವಾಜ್

ಹೋದ ತಿಂಗಳು ರಜೆ ಹಾಕಿ ಅವ್ವನನ್ನು ನೋಡಲು ದುಬಲಗುಂಡಿಗೆ ಹೊರಟಿದ್ದೆ. ಬೀದರಿನಿಂದ ಬಂದ ಬಸ್ಸು ಹಳ್ಳಿಖೇಡ ಮುಟ್ಟುವ ಹೊತ್ತಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪೂರ್ತಿ ಸಿಹಿಯಲ್ಲ, ಪೂರ್ತಿ ಹುಳಿಯಲ್ಲ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಒಂದು ಎರಡು ಟ್ರಾಲಿ ಎಳೆದುಕೊಂಡು ಹೋಗುತ್ತಿತ್ತು. ನನಗೇ ತಿಳಿಯದಂತೆ ಎದ್ದು ಡ್ರೈವರನ ಬೆನ್ನ ಹಿಂದೆ ಹೋಗಿ ಕಂಬ ಹಿಡಿದು ನಿಂತುಬಿಟ್ಟಿದ್ದೆ.

"ಯಾಕ್ರೀ ಅಕ್ಕಾ, ಇಳಿಯೋದು ಅದ ಏನು?" ಎಂದು ಆ ಬಸ್ಸಿನ ಕಂಡಕ್ಟರ್ ಕೇಳಿದ.

"ಇಲ್ರಿ, ಸುಮ್ಮನ" ಎಂದೆ. ಅವನಿಗೆ ಏನಂತ ಹೇಳಲಿ? ನಾನೂ ಕಂಡಕ್ಟರೇ. ಮೂರು ವರ್ಷದ ಹಿಂದೆ ಇದೇ ಕಬ್ಬಿನ ಹಂಗಾಮಿನಲ್ಲಿ, ಇದೇ ದಾರಿಯಲ್ಲಿ, ದಿನಾ ಹೀಗೇ ಡ್ರೈವರನ ಬೆನ್ನಿಗೆ ಅಂಟಿಕೊಂಡು ನಿಲ್ಲುತ್ತಿದ್ದೆ. ಆಗ ನನ್ನ ಬಸ್ಸಿನ ಡ್ರೈವರನಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಇಡೀ ಬಸ್ಸಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಆ ಡ್ರೈವರನ ಹೆಸರು ಮಾಳಪ್ಪ. ಐವತ್ತು ದಾಟಿದವನು, ಕುರಿ ಕಾಯುವ ಮನೆತನ, ಬಸವಕಲ್ಯಾಣದ ಹತ್ತಿರದ ಹಳ್ಳಿಯವನು. ನಾನು ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೂ ನಮ್ಮಿಬ್ಬರಿಗೆ ಒಂದೇ ಬಸ್ಸು. ಬೆಳಿಗ್ಗೆ ಮಂಠಾಳದಿಂದ ಬಸವಕಲ್ಯಾಣ, ಅಲ್ಲಿಂದ ಹುಮನಾಬಾದಿಗೆ ಎರಡು ಸಲ, ಮಧ್ಯಾಹ್ನ ಹಳ್ಳಿಖೇಡದ ತನಕ ಒಂದು ಸಲ, ಇಳಿಹೊತ್ತಿಗೆ ಮತ್ತೆ ಮಂಠಾಳ.

ಆ ಮೊದಲ ವಾರದಲ್ಲೇ ನಮ್ಮೂರಿನ ಮೇಲ್ಜಾತಿಯ ಇಬ್ಬರು ಬಸ್ಸು ಹತ್ತಿದರು. ನಾನು ಯಾರ ಮಗಳು, ನಮ್ಮ ಓಣಿ ಯಾವುದು ಎಂಬುದು ಅವರಿಗೆ ಗೊತ್ತಿತ್ತು. "ಟಿಕೆಟ್ ಸೀಟಿನ ಮ್ಯಾಲ ಇಡು, ತಗೋತೀವಿ" ಅಂದರು. ನಾನು ಟಿಕೆಟ್ ಹಿಡಿದುಕೊಂಡೇ ನಿಂತೆ. ಮಾಳಪ್ಪ ಕನ್ನಡಿಯಲ್ಲಿ ನೋಡಿದವನೇ ಗಾಡಿ ಬದಿಗೆ ಹಚ್ಚಿ ಎಂಜಿನ್ ಬಂದ್ ಮಾಡಿದ.

"ಆಕಿ ಕೈಯಾಗಿಂದ ತಗೊಂಡ್ರ ಗಾಡಿ ಮುಂದ ಹೋಗ್ತದ. ಇಲ್ಲಾಂದ್ರ ಎಲ್ಲಾರೂ ಇಲ್ಲೇ ಕುಂಡ್ರೂನು" ಅಂದ. ದನಿ ಏರಿಸಲೂ ಇಲ್ಲ. ಹತ್ತು ನಿಮಿಷ ಆಯಿತು. ಉಳಿದವರು ಗೊಣಗತೊಡಗಿದ ಮೇಲೆ ಆ ಇಬ್ಬರೂ ಕೈ ಚಾಚಿದರು. ಅವತ್ತಿನಿಂದ ಅವನು ನನಗೆ ಮಾಳಪ್ಪಣ್ಣ. ನಾನು ಅವನಿಗೆ ತಂಗಿ.

ಇಂಥ ಮನುಷ್ಯನಿಗೆ ಇಂಗ್ಲೆಂಡಿನ ಒಂದು ರಾಕ್ ತಂಡದ ಹುಚ್ಚಿತ್ತು ಅಂದರೆ ಯಾರೂ ನಂಬುತ್ತಿರಲಿಲ್ಲ. ಹರೆಯದಲ್ಲಿ ಅವನು ಪುಣೆಯಲ್ಲಿ ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿಯೊಂದರ ಟೆಂಪೊ ಓಡಿಸುತ್ತಿದ್ದನಂತೆ. ಅಂಗಡಿಯ ಮುದುಕ ಮಾಲೀಕ ಸ್ಪೀಕರ್ ಡಬ್ಬಿಗಳನ್ನು ಪರೀಕ್ಷೆ ಮಾಡಲು ಯಾವಾಗಲೂ ಒಂದೇ ತಂಡದ ಹಾಡು ಹಾಕುತ್ತಿದ್ದ. ಆ ತಂಡಕ್ಕೆ ಹೆಸರೊಂದು ಇದೆ. ಮಾಳಪ್ಪಣ್ಣ ಅದನ್ನು ಒಂದು ಸಲವೂ ನೆಟ್ಟಗೆ ಹೇಳಲಿಲ್ಲ. "ನಾಲ್ಕು ಮಂದಿ" ಅನ್ನುತ್ತಿದ್ದ, ನನಗೂ ಅದೇ ರೂಢಿಯಾಯಿತು. ನಾವು ಹುಟ್ಟುವ ಮೊದಲೇ ಕೂಡಿಕೊಂಡ ಗೆಳೆಯರು. ಗಿಟಾರು, ಡ್ರಮ್ಮು ಎಲ್ಲ ಗುಡುಗಿನಂತೆ ಬಾರಿಸುತ್ತಾ ಬಂದು ನಡುವೆ ಒಂದು ಕಡೆ ಗಪ್ಪನೆ ನಿಲ್ಲಿಸಿಬಿಡುತ್ತಾರೆ. ಆಗ ನಾಲ್ಕು ಕೊರಳು ಮಾತ್ರ ಉಳಿಯುತ್ತವೆ. ಮಾತು ಒಂದೇ, ನಾಲ್ಕೂ ಜನ ಬೇರೆ ಬೇರೆ ಎತ್ತರದಲ್ಲಿ ಅದನ್ನು ಹಿಡಿದಿರುತ್ತಾರೆ.

"ನಾಲ್ಕೂ ಆವಾಜ್ ಬ್ಯಾರೆ ಬ್ಯಾರೆ ಕೇಳಿದ್ರ ಡಬ್ಬಿ ಚಲೋ ಅದ ಅಂತ ಅರ್ಥ" ಎಂದು ಆ ಮುದುಕ ಹೇಳುತ್ತಿದ್ದನಂತೆ. ಡಬ್ಬಿ ಹೊರುವವರೆಲ್ಲ ನಕ್ಕರೆ ಮಾಳಪ್ಪಣ್ಣನಿಗೆ ಮೊದಲ ಸಲಕ್ಕೇ ನಾಲ್ಕೂ ಕೇಳಿಸಿದವು. "ನಮ್ಮಪ್ಪ ಕುರಿ ಹಿಂಡು ಕಣ್ಣೀಲೆ ಎಣಿಸ್ತಿದ್ದಿಲ್ಲ, ಕಿವೀಲೆ ಎಣಿಸ್ತಿದ್ದ. ಯಾವ ಗಂಟಿ ಬಂದಿಲ್ಲ ಅಂತ ಕತ್ತಲದಾಗೂ ಹೇಳ್ತಿದ್ದ. ಅದೇ ಕಿವಿ ನಂದು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಬಸವಕಲ್ಯಾಣದ ನಿಲ್ದಾಣದಲ್ಲಿ ನಮಗೆ ಅರ್ಧ ತಾಸು ಬಿಡುವು. ಅವನು ಮೊಬೈಲನ್ನು ಸ್ಟೀಲ್ ಗ್ಲಾಸಿನೊಳಗೆ ನಿಲ್ಲಿಸಿ ಹಾಡು ಹಚ್ಚುತ್ತಿದ್ದ. ಮೊದಲ ಸಲ ಕೇಳಿದಾಗ ನಾನು, "ಅಣ್ಣಾ, ಇವರು ಬೇಸೂರ ಹಾಡಾಕತ್ತಾರಲ್ಲ" ಅಂದಿದ್ದೆ. ನಮ್ಮಪ್ಪ ಭೀಮಗೀತೆ ಹಾಡುವ ಮೇಳದವನು. ನಾನೂ ಲಂಗ ಹಾಕುವ ವಯಸ್ಸಿನಿಂದ ಆ ಮೇಳದಲ್ಲಿ ಹಾಡಿದವಳು. ನಮ್ಮಲ್ಲಿ ಇಪ್ಪತ್ತು ಜನ ಹಾಡಿದರೂ ಒಂದೇ ಕೊರಳಾಗಬೇಕು. ಯಾರಾದರೂ ಬದಿಗೆ ಸರಿದರೆ ಅಪ್ಪ ಕಣ್ಣು ಕೆಂಪು ಮಾಡುತ್ತಿದ್ದ. ಇಲ್ಲಿ ನೋಡಿದರೆ ನಾಲ್ವರೂ ಬೇರೆ ಬೇರೆ ಕಡೆ ಹೋಗುತ್ತಿದ್ದಾರೆ.

"ಕೆಳಗಿಂದ ಎಣಸು" ಅಂದ ಮಾಳಪ್ಪಣ್ಣ. "ಮೊದಲ ದಪ್ಪಂದು. ಅದರ ಮ್ಯಾಲ ಒಂದು. ಅದರ ಮ್ಯಾಲ ಮತ್ತೊಂದು. ಎಲ್ಲಾಕಿಂತ ಮ್ಯಾಲ, ಎಳಿ ಹಂಗ, ಸಣ್ಣಂದು. ಅದು ನಾಲ್ಕನೇದು."

ತಿಂಗಳು ಹಿಡಿಯಿತು ನನಗೆ. ಒಂದು ದಿನ ತಟ್ಟನೆ ಅದು ಕೇಳಿಸಿತು. ಹೊಲದ ಆಚೆ ದಂಡೆಯಿಂದ ಯಾರೋ ಕೂಗಿದ ಹಾಗೆ ಎಲ್ಲದರ ಮೇಲೆ ತೆಳ್ಳಗೆ ನಿಂತಿತ್ತು. ನನ್ನ ಮೈ ಜುಮ್ಮೆಂದಿತು. ಮಾಳಪ್ಪಣ್ಣ ನನ್ನ ಮುಖ ನೋಡಿಯೇ, "ಸಿಕ್ಕತು!" ಎಂದು ತೊಡೆ ತಟ್ಟಿಕೊಂಡ.

ಆ ವರ್ಷದ ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದುಕೊಂಡಿತ್ತು. ಒಂದು ಮಧ್ಯಾಹ್ನ ಬಿಡುವಿನಲ್ಲಿ ಅವನು ಮೊಬೈಲನ್ನು ಅಲ್ಲಾಡಿಸಿ, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಗ್ಲಾಸಿನಲ್ಲಿಟ್ಟ.

"ತಂಗಿ, ಇದರ ಸ್ಪೀಕರ್ ಖರಾಬ್ ಆಗ್ಯಾದ. ನಾಲ್ಕನೇ ಆವಾಜ್ ಹೋಗೇಬಿಟ್ಟದ."

ನಾನು ಕಿವಿಗೊಟ್ಟೆ. ನಾಲ್ಕನೆಯದು ಮಳೆಯ ಸದ್ದಿನ ನಡುವೆಯೂ ನಿಚ್ಚಳವಾಗಿತ್ತು. "ಕೇಳಾಕತ್ತದಲ್ಲ ಅಣ್ಣಾ" ಅಂದೆ. ನಗುತ್ತಲೇ ಅಂದೆ, ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡು. ಅವನು ನಗಲಿಲ್ಲ. ನನ್ನ ಮೊಬೈಲ್ ಇಸಿದುಕೊಂಡು ಅದೇ ಹಾಡು ಹುಡುಕಿ ಹಚ್ಚಿದ. ಕಿವಿಯ ಹತ್ತಿರ ಹಿಡಿದ, ಬಲಗಡೆ, ಎಡಗಡೆ. ಆಮೇಲೆ ಬಂದ್ ಮಾಡಿ, "ಹಾಂ, ಇದರಾಗ ಕೇಳ್ತದ" ಅಂದು ಗಾಡಿ ಚಾಲೂ ಮಾಡಿದ. ಅದು ಸುಳ್ಳು ಎಂಬುದು ಅವನ ಮುಖದ ಮೇಲೆಯೇ ಬರೆದಿತ್ತು.

ಆ ಮೇಲೆ ಒಂದೊಂದೇ ನನ್ನ ಕಣ್ಣಿಗೆ ಬೀಳತೊಡಗಿತು. ನಾನು ಸೀಟಿ ಊದಿದರೆ ಬಸ್ಸು ನಿಲ್ಲುತ್ತಿರಲಿಲ್ಲ. "ಹೋಲ್ಡಾನ್" ಎಂದು ಕೂಗಿದರೆ ನಿಲ್ಲುತ್ತಿತ್ತು. ಹೆಂಗಸರಿಗೆ ಟಿಕೆಟ್ ಮಾಫ್ ಆದಾಗಿನಿಂದ ಬಸ್ಸು ಕಿಕ್ಕಿರಿದು ತುಂಬುತ್ತದೆ, ಗದ್ದಲದಲ್ಲಿ ಕೇಳಿಲ್ಲ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಒಂದು ದಿನ ಹುಮನಾಬಾದಿನಲ್ಲಿ ಅವನು ಖಾಲಿ ಬಸ್ಸಿಗೆ ಆತು ನಿಂತು ಚಹಾ ಕುಡಿಯುತ್ತಿದ್ದ. ನಾನು ಅವನ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ನಿಂತು ಸೀಟಿ ಬಾಯಿಗಿಟ್ಟು ಊದಿದೆ.

ಆಚೆ ಗೋಡೆಯ ಹತ್ತಿರ ಬಾಳೆಹಣ್ಣು ಮಾರುವವಳು ತಿರುಗಿ ನೋಡಿದಳು. ಮಲಗಿದ್ದ ನಾಯಿ ತಲೆ ಎತ್ತಿತು. ಮಾಳಪ್ಪಣ್ಣ ಚಹಾ ಕುಡಿಯುತ್ತಲೇ ಇದ್ದ.

ಇನ್ನು ಹತ್ತು ನಿಮಿಷಕ್ಕೆ ಇದೇ ಬಸ್ಸಿಗೆ ಅರವತ್ತು ಜನ ಹತ್ತುತ್ತಾರೆ. ಹಿಂದೆ ಮುಂದೆ ಲಾರಿಗಳು ಓಡುವ ಹೈವೇ. ಯಾರಾದರೂ ಹಾರ್ನ್ ಹೊಡೆದರೆ ಇವನಿಗೆ ಕೇಳೀತೇ?

ಅವತ್ತಿನಿಂದ ನನಗೆ ಅನ್ನ ಸೇರದಾಯಿತು. ಟಿಕೆಟ್ ಹರಿಯುವುದು ಮುಗಿದ ಕೂಡಲೇ ಮುಂದೆ ಹೋಗಿ ಅವನ ಬೆನ್ನಿಗೆ ನಿಲ್ಲುತ್ತಿದ್ದೆ. ಹಿಂದಿನಿಂದ ಹಾರ್ನ್ ಕೇಳಿದರೆ ಅವನ ಬಲಭುಜ ಮುಟ್ಟುತ್ತಿದ್ದೆ. ಅವನು ಗಾಡಿ ಎಡಕ್ಕೆ ಸರಿಸುತ್ತಿದ್ದ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಸೀಟಿ ಬಿಟ್ಟು ಗಿಡ್ಡನೆಯ ಕಬ್ಬಿಣದ ಸಳಿಯೊಂದನ್ನು ಇಟ್ಟುಕೊಂಡೆ. ಬಸ್ಸಿನ ತಗಡಿಗೆ ಒಂದು ಏಟು ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೋಗು. ಆ ದಪ್ಪ ಸದ್ದು ಅವನಿಗೆ ಕೇಳುತ್ತಿತ್ತು. ಜನ, "ಕಂಡಕ್ಟರಬಾಯಿಗೆ ಏನಾಗ್ಯಾದೋ, ಗಾಡಿ ಒಡಿಯಾಕ ನಿಂತಾಳ" ಎಂದು ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಬಾಯಿ ಒಣಗಿ ಮೇಲ್ದುಟಿ ಹಲ್ಲಿಗೆ ಅಂಟಿಕೊಂಡಿರುತ್ತಿತ್ತು.

ದಸರೆ ಕಳೆದ ಮೇಲೆ ತಡೆಯಲಾಗಲಿಲ್ಲ. ಬಸವಕಲ್ಯಾಣದಲ್ಲಿ ಎಲ್ಲರೂ ಇಳಿದ ಬಳಿಕ ಅವನೆದುರು ಕೂತು, ಮುಖ ನೋಡಿ ಮಾತಾಡಿದೆ.

"ಅಣ್ಣಾ, ನಿಮಗ ಸೀಟಿ ಕೇಳಂಗಿಲ್ಲ. ನನಗ ಗೊತ್ತದ. ಡಿಪೊದಾಗ ಹೇಳೂನ್ರಿ. ಕಿವಿ ತೋರಿಸೂನು."

ಅವನ ಮುಖ ಕಪ್ಪಿಟ್ಟಿತು. "ಡ್ರೈವರ್ ಕಣ್ಣೀಲೆ ಗಾಡಿ ಹೊಡೀತಾನ, ಕಿವೀಲೆ ಅಲ್ಲ. ಇಪ್ಪತ್ತಾರು ವರ್ಷ ಆತು, ಒಂದ್ ಕೋಳಿ ಸೈತ ಸತ್ತಿಲ್ಲ ನನ್ನ ಗಾಲಿ ಬುಡಕ್ಕ. ಮೊನ್ನೆ ಬಂದಾಕಿ ನೀ ನನಗ ಕಲಸ್ತಿ?"

ನಾನು ತಲೆ ತಗ್ಗಿಸಿದೆ. ಆಮೇಲೆ ಅವನೇ ಮಾತಾಡಿದ. ದನಿ ಪೂರ್ತಿ ಬದಲಾಗಿತ್ತು.

"ಮೊದಲ ನಾಲ್ಕನೇದು ಹೋತು. ಈಗ ಮೂರನೇದೂ ಮಸುಕ ಆಗಾಕತ್ತದ ತಂಗಿ. ಮನ್ಯಾಗ ಮೊಮ್ಮಗಳು ಮಾತಾಡ್ತಾಳ, ತುಟಿ ಅಷ್ಟೇ ಆಡ್ತಾವ. ಒಂದೊಂದ ಬಾಗಲಾ ಯಾರೋ ಹಾಕ್ಕೋತ ಬರಾಕತ್ತಾರ. ಎಲ್ಲಾ ಬಂದ್ ಆದಮ್ಯಾಲ ಒಳಗ ನಾ ಒಬ್ಬನೇ. ನನಗ ಅಂಜಿಕಿ ಬರ್ತದ."

ಅಷ್ಟು ದೊಡ್ಡ ಆಳು ಹಾಗೆ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಎಳ್ಳಮಾಸಿ ತನಕ ಟೈಮ್ ಕೊಡು" ಅಂದ. "ಹಬ್ಬ ಮುಗಿಸಿ ನಾನೇ ಸಾಹೇಬರ ಮುಂದ ಹೋಗಿ ಹೇಳ್ತೀನಿ. ಕಸಂ." ಸ್ಟೇರಿಂಗಿನ ಮೇಲೆ ಕೈಯಿಟ್ಟು ಆಣೆ ಮಾಡಿದ. ನಾನು ಒಪ್ಪಿದೆ. ಎಳ್ಳಮಾವಾಸ್ಯೆಗೆ ಇನ್ನೂ ಎರಡು ತಿಂಗಳಿತ್ತು. ಟಿಕೆಟ್ ಕೈಯಿಂದ ತೆಗೆದುಕೊಳ್ಳಿ ಎಂದು ನನಗಾಗಿ ಬಸ್ಸು ನಿಲ್ಲಿಸಿದವನಿಗೆ ಇಲ್ಲವೆನ್ನಲು ನನ್ನಿಂದ ಆಗಲಿಲ್ಲ. ಅದು ತಪ್ಪು. ತಪ್ಪೆಂದು ಆಗಲೂ ಗೊತ್ತಿತ್ತು.

ಅದೇ ದಿನಗಳಲ್ಲಿ ಒಂದು ಹೊಸ ರೂಢಿ ಶುರುವಾಯಿತು. "ನಿನಗ ನಾಲ್ಕನೇದು ಕೇಳ್ತದಲ್ಲ, ಅದನ್ನ ನಿನ್ನ ಕೊರಳಾಗ ಹಾಡಿ ತೋರಸು" ಅಂದ. ಇಂಗ್ಲಿಷ್ ಮಾತು ನನಗೆ ತಿಳಿಯುತ್ತಿರಲಿಲ್ಲ, ಬರೀ 'ಆ' ಎಂದೇ ಆ ದಾರಿ ಹಿಡಿದೆ. ಅಷ್ಟು ಎತ್ತರದಲ್ಲಿ ಹಾಡಿದರೆ ಅವನಿಗೆ ಮುಟ್ಟುತ್ತಿರಲಿಲ್ಲ. ಒಂದು ಸ್ಥಾಯಿ ಕೆಳಗಿಳಿಸಿ, ಅವನ ಬಲಗಿವಿಯ ಹತ್ತಿರ ಬಾಗಿ ಹಾಡಿದೆ. ಗ್ಲಾಸಿನೊಳಗಿನಿಂದ ಆ ನಾಲ್ವರು, ಇತ್ತ ನಾನು. ಮಾಳಪ್ಪಣ್ಣ ಕಣ್ಣು ಮುಚ್ಚಿಕೊಂಡ. ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ನೀರು ನಿಂತಿತು. "ಬಂತು. ಹಿಂಡು ಪೂರಾ ಬಂತು" ಅಂದ.

ಆ ಅರ್ಧ ತಾಸು ನನಗೂ ಭಯ ಇರುತ್ತಿರಲಿಲ್ಲ. ಗಾಡಿ ಚಾಲೂ ಆದ ಕೂಡಲೇ ಮತ್ತೆ ಬರುತ್ತಿತ್ತು.

ಕಬ್ಬಿನ ಹಂಗಾಮು ಸುರುವಾಯಿತು. ಹಳ್ಳಿಖೇಡದ ದಾರಿಯ ತುಂಬ ಟ್ರ್ಯಾಕ್ಟರು, ಅದರ ಹಿಂದೆ ಜೋಲಿ ಹೊಡೆಯುವ ಟ್ರಾಲಿಗಳು, ಟ್ರಾಲಿಯ ಮೇಲೆ ಆಕಾಶಕ್ಕೆ ಮುಟ್ಟುವಂತೆ ಕಬ್ಬು. ಅವುಗಳಲ್ಲಿ ಹಚ್ಚುವ ಹಾಡಿನ ಅಬ್ಬರಕ್ಕೆ ನನಗೇ ಏನೂ ಕೇಳುತ್ತಿರಲಿಲ್ಲ. ಕಾಕಂಬಿಯ ವಾಸನೆ ಬಂತೆಂದರೆ ನನ್ನ ಕೈ ತಾನಾಗಿ ಮಾಳಪ್ಪಣ್ಣನ ಭುಜದ ಕಡೆಗೆ ಹೋಗುತ್ತಿತ್ತು. ಎದುರಿನಿಂದ ಒಂದು ಲಾರಿ, ಬದಿಯಿಂದ ಒಂದು ಬೈಕು, ದಿನಕ್ಕೆ ಎರಡು ಸಲವಾದರೂ ನನ್ನ ಎದೆ ಬಾಯಿಗೆ ಬರುತ್ತಿತ್ತು. ಹಣೆಬರಹ ಚೆನ್ನಾಗಿತ್ತು, ಏನೂ ಆಗಲಿಲ್ಲ. ಏನೂ ಆಗದೆ ಕಳೆದ ಪ್ರತಿ ದಿನವೂ ಇನ್ನೊಂದು ದಿನ ಸುಮ್ಮನಿರಲು ನನಗೆ ನೆಪವಾಯಿತು.

ಹಬ್ಬಕ್ಕೆ ಐದು ದಿನ ಉಳಿದಿತ್ತು. ಇಳಿಹೊತ್ತಿನ ಟ್ರಿಪ್ಪಿಗೆ ಮಂಠಾಳಕ್ಕೆ ಬಂದೆವು. ಅಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆದು ತಿರುಗಿಸಬೇಕು. ಹಿಂದೆ ಹಳೆಯ ಗೋದಾಮಿನ ಕಲ್ಲುಗೋಡೆ. ಜನ ಇಳಿದರು. ನಾನು ಇಳಿದು ಬಲಬದಿಯ ಹಿಂದಿನ ಮೂಲೆಗೆ ಹೋಗಿ ನಿಂತೆ. ಕಬ್ಬಿಣದ ಸಳಿ ಒಳಗೆ ಸೀಟಿನ ಮೇಲೆಯೇ ಉಳಿದಿತ್ತು. ಎಡಬದಿಗೆ ಟ್ರ್ಯಾಕ್ಟರ್ ಒಂದು ಎಂಜಿನ್ ಬಂದ್ ಮಾಡದೆ ಧಡಧಡ ಎನ್ನುತ್ತಾ ನಿಂತಿತ್ತು. ಅದಕ್ಕೆ ತಾಗೀತೆಂದು ಮಾಳಪ್ಪಣ್ಣನ ಕಣ್ಣು ಎಡಗನ್ನಡಿಯ ಮೇಲೆ ಇತ್ತು.

ಬಸ್ಸು ಹಿಂದೆ ಸರಿಯತೊಡಗಿತು. ಅಷ್ಟರಲ್ಲಿ ಒಂದು ಕುರಿಮರಿ ಬಸ್ಸಿಗೂ ಗೋಡೆಗೂ ನಡುವೆ ಓಡಿತು. ಅದರ ಬೆನ್ನಿಗೆ ಅರವತ್ತರ ಸುಮಾರಿನ ಹೆಂಗಸೊಬ್ಬಳು, ಬೆನ್ನು ಬಗ್ಗಿಸಿ, ಮರಿಯ ಮೇಲಷ್ಟೇ ಕಣ್ಣಿಟ್ಟು, ಹಿಂದೆಯೇ ನುಗ್ಗಿದಳು.

ಸೀಟಿ ಊದಿದೆ. ಬಸ್ಸು ಬರುತ್ತಲೇ ಇತ್ತು. ಮತ್ತೆ ಊದಿದೆ, ಕಿವಿಯೊಳಗೆ ಗುಂಯ್ ಅನ್ನುವಷ್ಟು ಜೋರಾಗಿ. ಊರೇ ತಿರುಗಿ ನೋಡಿತು. ಬಸ್ಸು ಬರುತ್ತಲೇ ಇತ್ತು. ತಗಡಿಗೆ ಅಂಗೈ ಬಡಿದೆ. ಟ್ರ್ಯಾಕ್ಟರಿನ ಸದ್ದು ಅದನ್ನು ನುಂಗಿತು. ಹೆಂಗಸು ಮರಿ ಎತ್ತಿಕೊಂಡು ತಿರುಗಿದಳು. ಬಸ್ಸು ತನ್ನ ಮೇಲೆ ಬರುವುದನ್ನು ಆಗ ಕಂಡಳು. ಅವಳು ಕೂಗಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಮರಿಯನ್ನು ಎದೆಗೆ ಒತ್ತಿಕೊಂಡು, ನನ್ನ ಕಡೆ ನೋಡಿದಳು.

ಆ ಕಣ್ಣು ಈಗಲೂ ಕಾಣುತ್ತದೆ. ನಾನು ಏನಾದರೂ ಮಾಡುತ್ತೇನೆ ಎಂದು ನಂಬಿ ನೋಡಿದ ಕಣ್ಣು.

ಕೊರಳಲ್ಲಿದ್ದ ಟಿಕೆಟ್ ಮಷೀನ್ ಕಿತ್ತು ಶಕ್ತಿ ಇದ್ದಷ್ಟೂ ಬೀಸಿ ಎಸೆದೆ. ಅದು ಡ್ರೈವರನ ಬಾಗಿಲಿಗೆ ಬಡಿದು ಚೂರಾಯಿತು. ಮಾಳಪ್ಪಣ್ಣ ಬೆಚ್ಚಿ ಬಲಕ್ಕೆ ತಿರುಗಿದ, ನನ್ನ ಎತ್ತಿದ ಕೈ ಕಂಡ, ಬ್ರೇಕ್ ತುಳಿದ. ಬಸ್ಸು ಒಮ್ಮೆ ಕುಲುಕಿ ನಿಂತಿತು.

ನಾನು ಓಡಿ ಹಿಂದೆ ಹೋದೆ. ಅವಳ ಎದೆಗೂ ಬಸ್ಸಿಗೂ ನಡುವೆ ಒಂದು ಗೇಣು ಜಾಗವಿತ್ತು. ಆ ಗೇಣಿನಲ್ಲೇ ಮರಿ ತಲೆ ಹೊರಚಾಚಿ ಬ್ಯಾ ಅನ್ನುತ್ತಿತ್ತು. ಅವಳನ್ನು ಬದಿಯಿಂದ ಎಳೆದು ಹೊರಗೆ ತಂದೆ. ನೆಲದ ಮೇಲೆ ಕುಸಿದು ಕೂತಳು. ಅವಳ ಹೆಸರು ಲಕ್ಕವ್ವ ಎಂದು ಆಮೇಲೆ ತಿಳಿಯಿತು.

ಜನ ಸುತ್ತುಗಟ್ಟಿದರು. ಸಿಟ್ಟು ನನ್ನ ಮೇಲೆ ತಿರುಗಿತು. ಗಾಡಿ ಹಿಂದೆ ತೆಗೆಯುವಾಗ ನೋಡಿ ಹೇಳುವುದು ಕಂಡಕ್ಟರನ ಕೆಲಸ. "ಎಲ್ಲಿ ನೋಡಾಕತ್ತಿದ್ದಿ? ಹೆಂಗಸರನ್ನ ಕೆಲಸಕ್ಕ ಇಟ್ಟರ ಹಿಂಗೇ" ಎಂದು ಒಬ್ಬ ಹತ್ತಿರಕ್ಕೇ ಬಂದ. ಸೀಟಿ ಕೇಳಿದವರೂ ಅಲ್ಲಿದ್ದರು, ಅವರು ಸುಮ್ಮನಿದ್ದರು. ನಾನು ಬಾಯಿ ತೆರೆದೆ. ಸತ್ಯ ಹೇಳಿದರೆ ಅಣ್ಣ ಮುಗಿದ. ಹೇಳದಿದ್ದರೆ ನಾನು ಮುಗಿದೆ.

ಮಾಳಪ್ಪಣ್ಣ ಕೆಳಗಿಳಿದು ಬಂದ. ಲಕ್ಕವ್ವನನ್ನು ನೋಡಿದ, ಗೋಡೆ ನೋಡಿದ, ಆ ಗೇಣಿನ ಜಾಗ ನೋಡಿದ. ಜನರ ತುಟಿಗಳನ್ನು ನೋಡಿ ಏನು ನಡೆದಿದೆ ಎಂದು ತಿಳಿದುಕೊಂಡನೋ ಏನೋ. ನನ್ನ ಮುಂದೆ ಬಂದು ನಿಂತ.

"ಆಕೀನ ಬೈಬ್ಯಾಡ್ರಿ. ಆಕಿ ಸೀಟಿ ಹೊಡದಾಳ. ನನಗ ಕೇಳಿಲ್ಲ" ಅಂದ. ಸ್ವಲ್ಪ ತಡೆದು, "ನನಗ ಕೇಳಂಗಿಲ್ಲ. ನಾಲ್ಕ್ ತಿಂಗಳಾತು" ಅಂದ.

ಗದ್ದಲ ತಟ್ಟನೆ ನಿಂತಿತು. ದಿನಾ ಅವನ ಬಸ್ಸಿನಲ್ಲಿ ಹೋಗುವವರೇ ಅವರೆಲ್ಲ. ಒಬ್ಬ ತಾಯಿ ಮಗುವನ್ನು ಹತ್ತಿರ ಎಳೆದುಕೊಂಡಳು. ಬೈಗುಳಕ್ಕಿಂತ ಅದನ್ನು ಸಹಿಸುವುದು ಕಷ್ಟವಾಯಿತು.

ಅವನು ಬಸ್ಸಿನ ಬಾಗಿಲು ಹಾಕಿ ಹಿಂದೆ ಸರಿದು ನಿಂತ. "ನಾ ಇನ್ನ ಮುಟ್ಟಂಗಿಲ್ಲ ಇದನ್ನ. ಡಿಪೊಕ್ಕ ಫೋನ್ ಮಾಡು, ಬ್ಯಾರೆ ಡ್ರೈವರ್ ಬರಲಿ." ಬೇರೆ ಡ್ರೈವರ್ ಬರುವ ತನಕ ನಾವಿಬ್ಬರೂ ಗೋದಾಮಿನ ಕಟ್ಟೆಯ ಮೇಲೆ ಕೂತಿದ್ದೆವು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ.

ಡಿಪೊದಲ್ಲಿ ನಾನೂ ಬಚ್ಚಿಡಲಿಲ್ಲ. "ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಮ್ಯಾನೇಜರು ಕೇಳಿದರು. "ಗೊತ್ತಿತ್ರಿ" ಎಂದು ಬರೆದುಕೊಟ್ಟೆ. ಕಲಬುರಗಿಯಲ್ಲಿ ಮಾಳಪ್ಪಣ್ಣನ ಕಿವಿ ಪರೀಕ್ಷೆಯಾಯಿತು. ಜೊತೆಗೆ ನಾನೇ ಹೋಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಅವನ ಬೆರಳು ಗುಂಡಿಯ ಮೇಲೆ ಕಾಯುತ್ತಾ ಕಾಯುತ್ತಾ ಹಾಗೇ ಇತ್ತು. ಹರೆಯದಲ್ಲಿ ಮೈಕಿನ ಡಬ್ಬಿಗಳ ಮುಂದೆ ನಿಂತದ್ದು, ಆಮೇಲೆ ಇಪ್ಪತ್ತಾರು ವರ್ಷ ಎಂಜಿನ್ನಿನ ಪಕ್ಕ ಕೂತದ್ದು, ಎರಡೂ ಕೂಡಿ ಹೀಗಾಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಅವನನ್ನು ಡ್ರೈವಿಂಗಿನಿಂದ ತೆಗೆದು ಡಿಪೊದಲ್ಲಿ ಟೈರಿನ ಕೆಲಸಕ್ಕೆ ಹಾಕಿದರು. ನನ್ನನ್ನು ಹದಿನೈದು ದಿನ ಕೆಲಸದಿಂದ ನಿಲ್ಲಿಸಿ, ಬೀದರಿಗೆ ವರ್ಗ ಮಾಡಿದರು. ಅದು ಸರಿಯಾದ ಶಿಕ್ಷೆಯೇ.

ಬೀದರಿಗೆ ಹೋಗುವ ಮುನ್ನ ಅವನನ್ನು ನೋಡಲು ಹೋದೆ. ಕಿವಿಗೆ ಮಷೀನ್ ಹಾಕಿಕೊಂಡಿದ್ದ. ಟೈರುಗಳ ನಡುವೆ ಕೂತು ಮೊಬೈಲಿನಲ್ಲಿ ಆ ನಾಲ್ಕು ಮಂದಿಯ ಈಚಿನ ವಿಡಿಯೊ ನೋಡುತ್ತಿದ್ದ. ಎಲ್ಲರ ಕೂದಲೂ ಬೆಳ್ಳಗಾಗಿತ್ತು. ಒಬ್ಬನು ಕುರ್ಚಿಯ ಮೇಲೆ ಕೂತೇ ಹಾಡುತ್ತಿದ್ದ.

"ಈ ಮಷೀನಿನಾಗ ಎಲ್ಲಾ ತಗಡ ಬಡದಂಗ ಕೇಳ್ತದ. ಅದಕ್ಕ ಬಾಯಿ ನೋಡ್ತೀನಿ" ಅಂದ. "ನೋಡು, ಈತ ಮ್ಯಾಲಿನ ಆವಾಜಿನಂವ. ಬಾಯಿ ಎಷ್ಟ ತಗದಾನ ನೋಡು. ಆ ಎತ್ತರ ಹತ್ತತದೇನು ಅವನಿಗ?"

ನಾನು ಕೇಳಿದೆ. ಹತ್ತುತ್ತಿರಲಿಲ್ಲ. ಆ ಮುದುಕ ಅರ್ಧದಲ್ಲೇ ಬಿಟ್ಟುಬಿಟ್ಟ, ಹಿಂದೆ ನಿಂತಿದ್ದ ಹರೆಯದ ಹೆಣ್ಣುಮಗಳೊಬ್ಬಳು ಅದನ್ನು ಎತ್ತಿಕೊಂಡಳು. ಅದನ್ನು ಮಾಳಪ್ಪಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಆ ಮುದುಕನ ಮುಖವನ್ನೇ ನೋಡಿದ. "ಬಿಟ್ಟಾನಲ್ಲ, ಚಲೋ ಮಾಡ್ಯಾನ" ಅಂದ. "ಬಿಡೂದು ಗೊತ್ತಿರಬೇಕು." ಆಮೇಲೆ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಎದ್ದು ನಿಂತ. "ನಡಿ, ಮಂಠಾಳಕ್ಕ ಹೋಗಿ ಬರೂನು. ಆ ಯಮ್ಮಗ ಮಾರಿ ತೋರಿಸಬೇಕು."

ಲಕ್ಕವ್ವ ಮನೆಯ ಮುಂದೆ ಕೂತು ತೊಗರಿ ಕೇರುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟಳು. ಕುಂಡ್ರಿ ಎನ್ನಲಿಲ್ಲ. ಮಾಳಪ್ಪಣ್ಣ ಕೈ ಮುಗಿದು ತನ್ನ ತಪ್ಪು ಹೇಳಿಕೊಂಡ. ಆಮೇಲೆ ನಾನು ಹೇಳಿದೆ, "ಅವ್ವಾರ, ನನಗೂ ಗೊತ್ತಿತ್ರಿ. ಗೊತ್ತಿದ್ದೂ ಯಾರ ಮುಂದೂ ಹೇಳಲಿಲ್ಲ."

ಲಕ್ಕವ್ವ ನನ್ನನ್ನೇ ನೋಡಿದಳು. ಗೋಡೆಗೆ ಒತ್ತಿ ನಿಂತು ನೋಡಿದ ಅದೇ ಕಣ್ಣು. ಮೆಲ್ಲಗೆ ಏನೋ ಅಂದಳು.

"ಏನಂದ್ಲು?" ಎಂದು ಮಾಳಪ್ಪಣ್ಣ ಕೇಳಿದ.

ಬದಲಿಸಿ ಹೇಳಬಹುದಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ಬಚ್ಚಿಟ್ಟು ಬಚ್ಚಿಟ್ಟು ನನಗೆ ಸಾಕಾಗಿತ್ತು. ಅವನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದೆ. "'ನೀವಿಬ್ಬರೂ ಒಬ್ಬರನೊಬ್ಬರು ಉಳಿಸಿಕೊಂಡ್ರಿ, ನಾ ನಿಮ್ಮ ಲೆಕ್ಕದಾಗೇ ಇರಲಿಲ್ಲ' ಅಂದ್ರು."

"ಖರೇ ಅದ" ಎಂದ ಮಾಳಪ್ಪಣ್ಣ. ತಲೆ ತಗ್ಗಿಸಿ ನಿಂತ.

ನಾವು ಹೊರಡಲು ತಿರುಗಿದೆವು. ಹಿಂದಿನಿಂದ ಲಕ್ಕವ್ವ, "ನಿಂದರ್ರಿ" ಎಂದಳು. ಒಳಗೆ ಹೋಗಿ ಸೀರೆ ಸರಿಮಾಡಿಕೊಂಡು, ಕೈಚೀಲ ಹಿಡಿದು ಬಂದಳು. "ಕಲ್ಯಾಣದ ದವಾಖಾನಿಗೆ ಹೋಗೋದದ. ಅವತ್ತಿನಿಂದ ಬಸ್ ಹತ್ತಿಲ್ಲ ನಾ. ಸ್ಟ್ಯಾಂಡಿನ ತನಕ ಹೋಗ್ತೀನಿ, ಕಾಲು ಬರಂಗಿಲ್ಲ, ತಿರುಗಿ ಬರ್ತೀನಿ. ನಿಮ್ಮ ದೆಸಿಂದ ಹಿಂಗಾಗ್ಯಾದ. ನೀವೇ ಹತ್ತಿಸಿ ಕರಕೊಂಡ್ ಹೋಗ್ರಿ."

ಬಸ್ಸು ಬಂತು. ನಾನು ಮೊದಲು ಹತ್ತಿ ಕೈ ಕೊಟ್ಟೆ, ಮಾಳಪ್ಪಣ್ಣ ಹಿಂದೆ ನಿಂತ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಲಕ್ಕವ್ವ ಬಹಳ ಹೊತ್ತು ನಿಂತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಹತ್ತಿದಳು. ಮೂವರ ಸೀಟಿನಲ್ಲಿ ನಡುವೆ ಅವಳು, ಆಚೆ ಈಚೆ ನಾವಿಬ್ಬರು. ಬಸ್ಸು ಗೋಡೆಯ ಕಡೆಗೆ ಹಿಂದೆ ಸರಿಯತೊಡಗಿದಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಮ್ಮಿಬ್ಬರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ನನ್ನ ಕೈಯೂ ನಡುಗುತ್ತಿತ್ತು, ಮಾಳಪ್ಪಣ್ಣನದೂ. ಯಾರ ನಡುಕ ಯಾರದೆಂದು ತಿಳಿಯುವಂತಿರಲಿಲ್ಲ. ಅವಳು ಕ್ಷಮಿಸಿದೆ ಅನ್ನಲಿಲ್ಲ. ಬಸವಕಲ್ಯಾಣ ಮುಟ್ಟುವ ತನಕ ಕೈ ಮಾತ್ರ ಬಿಡಲಿಲ್ಲ.